ನಡುಮನೆಯ ಏಣಿ

ನಮ್ಮ ಮನೆಯಲ್ಲಿ ತೂಗುಮಂಚ ಇರಲಿಲ್ಲ. ಶಿಕಾರಿಪುರದ ಆ ಮನೆಗೆ ಎಷ್ಟೋ ವರ್ಷಗಳ ಮೇಲೆ ಕಾಲಿಟ್ಟಾಗ ನಾನು ಆಡಿದ ಮೊದಲ ಮಾತು ಇದೇ. ನಡುಮನೆಯ ನಡುವೆ, ಅವ್ವ ಅಕ್ಕಿ ಕೇರಲು ಕೂರುತ್ತಿದ್ದ ಜಾಗದಲ್ಲಿ, ಹಿತ್ತಾಳೆ ಸರಪಳಿಯ ದೊಡ್ಡ ತೂಗುಮಂಚವೊಂದು ನೇತಾಡುತ್ತಿತ್ತು. ಕೆಳಗೆ ಸಗಣಿ ನೆಲದ ಬದಲು ಕೆಂಪು ಗಾರೆ ಹೊಳೆಯುತ್ತಿತ್ತು. ನನ್ನನ್ನು ಕರೆಸಿದ್ದ ಶೈಲಜಾ ಮೇಡಂ, ಅಲ್ಲಿಯ ಕಾಲೇಜಿನಲ್ಲಿ ಇತಿಹಾಸ ಹೇಳುವವರು, ಕೈಯಲ್ಲಿದ್ದ ಪುಸ್ತಕ ಮಡಚಿ ನಕ್ಕರು.

"ಪುಸ್ತಕದಲ್ಲೂ ಇಲ್ಲ ಸರ್. ಯಾರೋ ದಾನ ಕೊಟ್ಟರು, ಸಮಿತಿಯವರು ಹಾಕಿಸಿಬಿಟ್ಟರು. ಇಂಥದ್ದಕ್ಕೇ ನಿಮ್ಮನ್ನ ಕರೆಸಿದ್ದು. ಈ ಮನೇಲಿ ಬೆಳೆದವರಲ್ಲಿ ಈಗ ಉಳಿದಿರೋರು ನೀವೊಬ್ಬರೇ."

ಬೆಳೆದವರು ನಾವಿಬ್ಬರೇ, ನಾನು ಮತ್ತು ಅಕ್ಕ. ಅಕ್ಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದುವ ಅಭ್ಯಾಸ ಇರುವವರಿಗೆ ಅದು ಗೊತ್ತಿರುತ್ತದೆ, ನನಗೋ ಅವಳನ್ನು ಆ ಹೆಸರಿನಿಂದ ಕರೆದು ರೂಢಿಯಿಲ್ಲ. ಅವಳು ದೊಡ್ಡ ಬರಹಗಾರ್ತಿಯಾದಳು, ನಾನು ಸೊರಬ ತಾಲ್ಲೂಕಿನಲ್ಲಿ ಭೂಮಾಪಕನಾಗಿ ಊರೂರಿನ ಹದ್ದುಬಸ್ತು ತೋರಿಸಿಕೊಂಡು ನಿವೃತ್ತನಾದೆ. ಅವಳು ತೀರಿಕೊಂಡ ಮೇಲೆ ಓದುಗರು ಸೇರಿ ಒಂದು ಸಮಿತಿ ಮಾಡಿಕೊಂಡರು. ಅಪ್ಪ ಎಂದೋ ಮಾರಿದ್ದ, ಮಂಡಿಯವರೊಬ್ಬರು ಗೋಣಿಚೀಲ ತುಂಬಿಟ್ಟುಕೊಂಡಿದ್ದ ಮನೆಯನ್ನು ಕೊಂಡರು. ಅವಳು ಚಿಕ್ಕವಳಿದ್ದಾಗ ಹೇಗಿತ್ತೋ ಹಾಗೇ ಅದನ್ನು ಮತ್ತೆ ಮಾಡಬೇಕು ಎಂಬುದು ಅವರ ಆಸೆ. ಹೇಗಿತ್ತು ಎನ್ನುವುದಕ್ಕೆ ಅವರ ಬಳಿ ಇದ್ದ ಆಧಾರವೆಂದರೆ ಅಕ್ಕ ತನ್ನ ಬಾಲ್ಯದ ಬಗ್ಗೆ ಬರೆದ ಪುಸ್ತಕ. ಅದು ಸಾಲದು ಎಂದು ಹೊಳೆದದ್ದು ಶೈಲಜಾ ಮೇಡಂ ಒಬ್ಬರಿಗೇ. ಹಾಗಾಗಿ ನಾನು ವಾರಕ್ಕೆರಡು ಸಲ ಸೊರಬದಿಂದ ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಒಂದು ಚಹಾ ಕುಡಿದು, ಶಿಕಾರಿಪುರಕ್ಕೆ ಬಂದು ನಾನು ಹುಟ್ಟಿದ ಮನೆಯನ್ನೇ ಟೇಪು ಹಿಡಿದು ಅಳೆಯತೊಡಗಿದೆ. ಜೀವಮಾನವೆಲ್ಲ ಇನ್ನೊಬ್ಬರ ಜಮೀನು ಅಳೆದವನಿಗೆ ಇದು ಹೊಸ ಕೆಲಸವಲ್ಲ. ಆದರೆ ಬಚ್ಚಲಿನ ಬಾಗಿಲಿನಿಂದ ಒಲೆಗೆ ಎಷ್ಟು ಅಡಿ ಎಂದು ಟೇಪು ಎಳೆದಾಗ ಕೈ ನಿಂತುಹೋಯಿತು. ನಾನು ನೆನಪಿಟ್ಟುಕೊಂಡಿದ್ದ ದೂರ ಅದರ ಎರಡರಷ್ಟಿತ್ತು. ಚಳಿಯಲ್ಲಿ ಮೈ ಒದ್ದೆ ಮಾಡಿಕೊಂಡು ಅವ್ವನ ಒಲೆಯ ಮುಂದೆ ಓಡಿ ಕೂರುತ್ತಿದ್ದ ಆ ಓಟ ಬರೀ ಒಂಬತ್ತು ಅಡಿಯದ್ದು.

ಅಡುಗೆಮನೆಯಲ್ಲಿ ಸಮಿತಿಯವರು ಒಂದೇ ಒಂದು ರೊಟ್ಟಿ ಹಂಚು ಇಟ್ಟಿದ್ದರು. ಎರಡು ಇರಬೇಕು ಎಂದೆ, ಒಂದು ಹಂಚು, ಒಂದು ಕಾವಲಿ. ಹಂಚು ಅಜ್ಜಿಯದು. ಅಪ್ಪನ ತಾಯಿ, ಅವಳ ತವರು ಈಸೂರು, ಜೋಳದ ರೊಟ್ಟಿ ಇಲ್ಲದೆ ಊಟ ಮುಗಿಸಿದವಳಲ್ಲ. ಕಾವಲಿ ಅವ್ವನದು, ಚಂದ್ರಗುತ್ತಿ ಗುಡ್ಡದ ಬುಡದಿಂದ ಮದುವೆಯಾಗಿ ಬರುವಾಗ ತಂದದ್ದು, ಅಕ್ಕಿ ರೊಟ್ಟಿಗೆ. ಒಂದು ಊರು ಶಿಕಾರಿಪುರದ ಕಡೆಯದು, ಇನ್ನೊಂದು ಸೊರಬದ ಕಡೆಯದು, ದೂರವೇನಲ್ಲ, ಆದರೆ ನಮ್ಮ ಅಡುಗೆಮನೆಯಲ್ಲಿ ಅವುಗಳ ನಡುವೆ ದಿನಾ ಯುದ್ಧ. "ಅಕ್ಕಿಹಿಟ್ಟಿನ್ಯಾಗ ಏನೈತಿ, ಗಂಡಸ್ರಿಗೆ ಹೊಟ್ಟಿ ತುಂಬತೈತೇನು?" ಎಂದು ಅಜ್ಜಿ. "ಹಾಂಗಾರೆ ನಿಮ್ಮ ಮಗನಿಗೆ ನೀವೇ ಬಡೀರಿ, ಎಂತಕ್ಕೆ ನನ್ನ ಕರೀತೀರಿ" ಎಂದು ಅವ್ವ. ಅಪ್ಪ ಎರಡನ್ನೂ ತಿಂದು ಎರಡನ್ನೂ ಹೊಗಳದೆ ಎದ್ದು ಹೋಗುತ್ತಿದ್ದ. ಅಜ್ಜಿ ತೀರಿಕೊಂಡ ಮೇಲೆ ಅವ್ವ ಆ ಹಂಚನ್ನು ಅಟ್ಟಕ್ಕೆ ಹಾಕುತ್ತಾಳೆ ಎಂದುಕೊಂಡಿದ್ದೆವು. ಹಾಕಲಿಲ್ಲ. ಪ್ರತಿ ಸೋಮವಾರ ಅದನ್ನು ಒಲೆಗಿಟ್ಟು, ಸೊಟ್ಟಸೊಟ್ಟಗೆ ಜೋಳದ ರೊಟ್ಟಿ ಬಡಿದು, ಮೊದಲನೆಯದನ್ನು ಗೋಡೆಯ ಗೂಡಿನಲ್ಲಿಟ್ಟು, ಆಮೇಲೆ ನಮಗೆ ಬಡಿಸುತ್ತಿದ್ದಳು. ಯಾರಿಗೆ ಎಂದು ಹೇಳುತ್ತಿರಲಿಲ್ಲ.

ಜಗುಲಿ ಅಪ್ಪನದು. ಅಲ್ಲಿ ಅವನ ಇಳಿಜಾರು ಮೇಜು, ಮಸಿಕುಡಿಕೆ, ದುಂಡನೆಯ ರೂಲುದೊಣ್ಣೆ. ಗೋಡೆಗೆ ತೂಗುಹಾಕಲು ಸಮಿತಿಯವರು ಬರೆಸಿದ್ದ ಫಲಕದಲ್ಲಿ ಅಪ್ಪ ವಿದ್ವಾಂಸನಾಗಿದ್ದ. ಅದನ್ನೂ ತೆಗೆಸಿದೆ. ಅಪ್ಪ ತಾಲ್ಲೂಕು ಕಚೇರಿಯ ಎದುರು ಹೊಂಗೆಮರದ ಕೆಳಗೆ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದ. ಬದು ಒತ್ತುವರಿಯಾದವರು, ಖಾತೆ ಬದಲಾಗದವರು, ಗಂಡ ಸತ್ತ ಮೇಲೆ ಮೈದುನರು ಹೊರಗೆ ಹಾಕಿದವರು ಬಂದು ಅಳುತ್ತ ಹೇಳಿಕೊಂಡದ್ದನ್ನು ಸರ್ಕಾರಕ್ಕೆ ತಿಳಿಯುವ ಭಾಷೆಗೆ ತಿರುಗಿಸುವುದು ಅವನ ಕಸುಬು. ಚಿತ್ತಾದ ಹಾಳೆಗಳನ್ನು ಅವನು ಎಸೆಯುತ್ತಿರಲಿಲ್ಲ. ಸಂಜೆ ಬಂದವನೇ ಕಾಲು ತೊಳೆದು, ಆ ಹಾಳೆಗಳನ್ನು ನಮಗೆ ಕೊಟ್ಟು, ಹಿಂಬದಿಯಲ್ಲಿ ಮಗ್ಗಿ ಬರೆಯಲು ಹೇಳುತ್ತಿದ್ದ. ನಾನು ಹಿಂಬದಿ ನೋಡಿದೆ, ಅಕ್ಕ ಮುಂಬದಿ ಓದಿದಳು. ಅವಳ ಬರವಣಿಗೆ ಎಲ್ಲಿಂದ ಬಂತು ಎಂದು ಕೇಳುವವರಿಗೆ ನನ್ನ ಬಳಿ ಇರುವ ಉತ್ತರ ಇದೊಂದೇ. ಸ್ವಾಮಿಯವರ ಪಾದಗಳಿಗೆ ಬಿನ್ನವಿಸಿಕೊಳ್ಳುವುದೇನೆಂದರೆ ಎಂದು ಶುರುವಾಗಿ ಅರ್ಧಕ್ಕೇ ನಿಂತ ನೂರಾರು ಸಂಕಟಗಳನ್ನು ಅವಳು ಅಟ್ಟ ಹತ್ತಿ ಕೂತು ಓದುತ್ತಿದ್ದಳು.

ಅಪ್ಪನ ಕೋಪವನ್ನೂ ಹೇಳಬೇಕು. ಒಮ್ಮೆ ನಾನು ಛಾಪಾಕಾಗದದ ಮೇಲೆ ಮಸಿ ಚೆಲ್ಲಿದೆ. ಅಪ್ಪ ರೂಲುದೊಣ್ಣೆ ತೆಗೆದುಕೊಂಡ. ಎಷ್ಟು ಏಟು ಬಿದ್ದವೋ ತಿಳಿಯದು. ಅವ್ವ ಅಡುಗೆಮನೆಯಿಂದ ಓಡಿಬಂದು ನಡುವೆ ಕೈ ಒಡ್ಡಿದಳು, ಏಟು ಅವಳ ಮುಂಗೈಗೆ ಬಿದ್ದು ಬಳೆ ಚೂರಾಗಿ ರಕ್ತ ಬಂತು. ಆಮೇಲೆ ಅಪ್ಪ ಜಗುಲಿಯಲ್ಲಿ ತಲೆ ಬಗ್ಗಿಸಿ ಕೂತೇ ಇದ್ದ, ಉಣ್ಣಲು ಬರಲಿಲ್ಲ. ಕೆಟ್ಟವನಲ್ಲ. ಆದರೆ ಆ ದಿನದಿಂದ ಅವನ ಚಪ್ಪಲಿಯ ಸದ್ದು ಬೀದಿಯಲ್ಲಿ ಕೇಳಿದ ಕೂಡಲೇ ಅವ್ವ ನಾನೆಲ್ಲಿದ್ದೇನೆ ಎಂದು ಒಮ್ಮೆ ತಿರುಗಿ ನೋಡುತ್ತಿದ್ದಳು.

ಮನೆಯ ನಕ್ಷೆ ಮುಗಿಯುತ್ತ ಬಂದಿತ್ತು. ತೂಗುಮಂಚ ಹೋಯಿತು, ಗಾರೆಯ ಮೇಲೆ ಮಣ್ಣು ಬಳಿದು ಸಗಣಿ ಸಾರಿಸಿದರು, ನಡುಮನೆಗೆ ಕಿಟಕಿ ಇರಲಿಲ್ಲ ಎಂದೆ, ಹೊಸದಾಗಿ ಒಡೆದಿದ್ದ ಕಿಟಕಿಯನ್ನೂ ಮುಚ್ಚಿದರು. ಮಾಡಿನಲ್ಲಿದ್ದ ಒಂದು ಬೆಳಕಿಂಡಿಯಿಂದಲೇ ಆ ಕೋಣೆಗೆ ಬೆಳಕು. ಹಾಗಿರುವಾಗ ಒಂದು ದಿನ ನಾನು ಹೋಗುವಷ್ಟರಲ್ಲಿ ಬಡಗಿ ಮೌನೇಶಾಚಾರ್ರು ಅಟ್ಟ ಖಾಲಿ ಮಾಡಿ, ಹರಿದ ಗೋಣಿಗಳ ಕೆಳಗಿದ್ದ ಹಳೆಯ ಏಣಿಯೊಂದನ್ನು ಇಳಿಸಿ ಗೋಡೆಗೆ ಒರಗಿಸಿದ್ದರು. ಮೇಲಿನಿಂದ ಎರಡನೆಯ ಮೆಟ್ಟಿಲು ಇರಲಿಲ್ಲ, ಎರಡು ಕಡೆಯೂ ಅದರ ಮೋಟು ಮಾತ್ರ ಉಳಿದಿತ್ತು. ಶೈಲಜಾ ಮೇಡಂ ಮುಖದಲ್ಲಿ ನಾನು ಅಷ್ಟು ಸಂತೋಷ ಎಂದೂ ಕಂಡಿರಲಿಲ್ಲ. ಯಾಕೆಂದರೆ ಆ ಏಣಿ ಅಕ್ಕನ ಪುಸ್ತಕದಲ್ಲಿದೆ. ಅವಳು ಅಟ್ಟದಿಂದ ಇಳಿಯುವಾಗ ಮೆಟ್ಟಿಲು ಮುರಿದು ಬಿದ್ದದ್ದು, ಸೊಂಟದ ಮೂಳೆ ಮುರಿದು ತಿಂಗಳುಗಟ್ಟಲೆ ನಡುಮನೆಯಲ್ಲಿ ಮಲಗಿದ್ದು, ಮಲಗಿದಲ್ಲೇ ಬರೆಯಲು ಶುರುಮಾಡಿದ್ದು, ಆಮೇಲೆ ಬದುಕೆಲ್ಲ ಎಡಗಾಲು ಎಳೆದು ನಡೆದದ್ದು. ಶಾಲೆಯ ಮಕ್ಕಳಿಗೂ ಆ ಪುಟ ಬಾಯಿಪಾಠ. ಆ ಏಣಿಯೇ ಸಿಕ್ಕಿದೆ!

ಮೌನೇಶಾಚಾರ್ರು ಮಾತ್ರ ಕನ್ನಡಕ ಏರಿಸಿಕೊಂಡು ಮೋಟಿನ ತುದಿಯನ್ನು ಹೆಬ್ಬೆರಳಿನಲ್ಲಿ ಸವರುತ್ತಿದ್ದರು.

"ಇದು ಮುರಿದದ್ದಲ್ರೀ ಮೇಡಂ. ಕಡಿದದ್ದು."

"ಅಂದ್ರೆ?"

"ಮೆಟ್ಲು ತಾನಾಗೇ ಮುರಿದ್ರ ನಾರು ಎದ್ದು ಸೀಳು ಸೀಳಾಗಿರತೈತಿ. ಇಲ್ನೋಡ್ರಿ, ಎರಡು ಏಟು ಕತ್ತಿದು. ಓರೆಯಾಗಿ ಬಿದ್ದಾವು. ಆಮ್ಯಾಲೆ ಕಾಲಾಗ ಒದ್ದು ಮುರಿದಾರ. ಮರ ಗಟ್ಟಿ ಐತ್ರೀ, ಹುಳ ಮುಟ್ಟಿಲ್ಲ. ಆನಿ ನಿಂತ್ರೂ ಮುರಿಯೂದಲ್ಲ ಇದು."

ಶೈಲಜಾ ಮೇಡಂ ಬಗ್ಗಿ ನೋಡಿದರು. ಅವರ ಮುಖ ಸಪ್ಪಗಾಯಿತು.

"ಹಾಗಾದ್ರೆ ಯಾರೋ ಪುಸ್ತಕ ಓದಿ ಆಮೇಲೆ ಮಾಡಿಟ್ಟಿದ್ದಾರೆ ಸರ್. ಮನೆ ಮಾರೋವಾಗ ಬೆಲೆ ಬರ್ಲಿ ಅಂತಲೋ ಏನೋ. ಇದನ್ನ ಇಡೋ ಹಾಗಿಲ್ಲ. ಒಂದು ಸುಳ್ಳು ಸಿಕ್ಕಿದ್ರೆ ಜನ ಇಡೀ ಮನೇನೇ ಸುಳ್ಳು ಅಂತಾರೆ. ನೀವೇನಂತೀರಿ?"

ಬೇರೆ ಏಣಿ ಮಾಡಿಸಿ, ಇದು ಮಾದರಿ ಅಂತ ಚೀಟಿ ಹಚ್ಚುವುದು, ಹಳೆಯದನ್ನು ಒಡೆದ ಹೆಂಚಿನ ಜೊತೆ ವಿಲೇವಾರಿ ಮಾಡುವುದು ಎಂದು ಅವರಿಬ್ಬರೂ ಮಾತಾಡಿಕೊಂಡರು. ನಾನು ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡು, ಮಧ್ಯಾಹ್ನದ ಬಸ್ಸಿಗೆ ಸೊರಬಕ್ಕೆ ಹೊರಟೆ. ಆ ಏಣಿ ಸುಳ್ಳಲ್ಲ ಎಂದು ಹೇಳಬಲ್ಲವನು ಈ ಲೋಕದಲ್ಲಿ ನಾನೊಬ್ಬನೇ ಇದ್ದೆ. ಆದರೆ ಅದು ನಿಜ ಎಂದು ಹೇಳಬೇಕಾದರೆ ಅಕ್ಕನ ಪುಸ್ತಕ ಸುಳ್ಳು ಎನ್ನಬೇಕು.

ನಡೆದದ್ದು ಹೀಗೆ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ನನಗೆ ಅಕ್ಷರ ಕೂಡಿಸಿ ಓದುವುದು ಕಷ್ಟವಾಗಿದ್ದ ಕಾಲದಲ್ಲಿ ಅವಳು ಅಟ್ಟದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಅರ್ಜಿಗಳನ್ನು ಜೋರಾಗಿ ಓದಿ ಹೇಳುತ್ತಿದ್ದಳು. ಬರೀ ಓದುತ್ತಿರಲಿಲ್ಲ. ಮುದುಕಿಯ ಅರ್ಜಿಯಾದರೆ ಮುದುಕಿಯ ದನಿ, ಶಾನುಭೋಗರ ಹೆಸರು ಬಂದರೆ ಮೂಗಿನಲ್ಲಿ ಮಾತು. ಕೆಳಗೆ ಚಾಪೆಯ ಮೇಲೆ ಮಲಗಿ ಕೇಳುವುದು ನನಗೆ ಊಟಕ್ಕಿಂತ ಹೆಚ್ಚು. ಅಜ್ಜಿ ಆಗಲೇ ತೀರಿಕೊಂಡಿದ್ದಳು, ಆ ದಿನ ಅವ್ವನೂ ಮನೆಯಲ್ಲಿರಲಿಲ್ಲ. ಅಕ್ಕ ಒಬ್ಬ ಹೆಂಗಸಿನ ಅರ್ಜಿ ಓದುತ್ತಿದ್ದಳು. ಗಂಡ ಅವಳನ್ನೂ ಮಗುವನ್ನೂ ಬಿಟ್ಟು ಹೋಗಿದ್ದ. ಅರ್ಧಕ್ಕೆ ಬಂದವಳು ಓದುವುದನ್ನು ನಿಲ್ಲಿಸಿ, ತನ್ನಷ್ಟಕ್ಕೆ ಕಣ್ಣಲ್ಲೇ ಮುಂದಕ್ಕೆ ಹೋದಳು.

"ಓದೇ."

"ಇದು ನಿಂಗಲ್ಲ."

"ಏನಾಯ್ತು ಆ ಮಗುಗೆ?"

"ಹೇಳಿದ್ನಲ್ಲ, ನಿಂಗಲ್ಲ ಅಂತ. ಹೋಗು, ಗೋಲಿ ಆಡು ಹೋಗು."

ಅವಳು ನನ್ನನ್ನು ಬಿಟ್ಟು ಎಲ್ಲಿಗೋ ಹೋಗಿದ್ದಾಳೆ ಎನ್ನಿಸಿತು. ಎರಡು ಸಲ ಬೇಡಿಕೊಂಡೆ, ಉತ್ತರ ಬರಲಿಲ್ಲ. ಆಗ ನಾನು ಏಣಿ ಎತ್ತಿಕೊಂಡೆ. ಭಾರವಾಗಿತ್ತು, ಎಳೆದುಕೊಂಡೇ ಹಿತ್ತಲಿಗೆ ಒಯ್ದು ನುಗ್ಗೆಮರದ ಪಕ್ಕದ ಗೋಡೆಗೆ ಒರಗಿಸಿದೆ. ಗೋಲಿ ತೆಗೆದುಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅವಳು ಕರೆದಳು. "ಗಂಗೂ, ಏಣಿ ಇಡೋ." ಮತ್ತೆ ಕರೆದಳು. "ಅವ್ವ ಬರೋ ಹೊತ್ತಾತು, ಅನ್ನಕ್ಕೆ ಇಡಬೇಕು, ಏಣಿ ತಾರೋ." ನನಗೆ ಚೆನ್ನಾಗಿ ಕೇಳಿಸಿತು. ಗಂಗಾಧರ ಎಂಬ ಹೆಸರನ್ನು ಗಂಗೂ ಮಾಡಿದವಳು ಅವಳು, ಆ ಹೆಸರಿನಿಂದ ಕರೆದರೆ ನಾನು ಎಲ್ಲಿದ್ದರೂ ಓಡಿ ಹೋಗುವವನು. ಆ ದಿನ ಹೋಗಲಿಲ್ಲ. ಮೂರನೆಯ ಸಲ ಕರೆಯಲಿಲ್ಲ. ಅಟ್ಟದ ತೊಲೆಗೆ ಜೋತುಬಿದ್ದು ಇಳಿಯಲು ಹೋದಳೆಂದು ಕಾಣುತ್ತದೆ. ಬಿದ್ದ ಸದ್ದು ಬಂತು.

ಅವ್ವ ಕೆರೆಯಿಂದ ಬಟ್ಟೆ ಒಗೆದುಕೊಂಡು ಬಂದಾಗ ನಾನು ಹಿತ್ತಲ ಬಾಗಿಲಿನಲ್ಲಿ ನಿಂತಿದ್ದೆ, ಒಳಗೆ ಹೋಗಿರಲಿಲ್ಲ. ಅಕ್ಕ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಳು, ತುಟಿ ಬಿಳಿಚಿತ್ತು. ಅವ್ವ ಬಟ್ಟೆಯ ಬುಟ್ಟಿ ಬಿಸಾಕಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಎಂತಾತೇ ಮಗಾ?"

"ಮೆಟ್ಲು ಮುರೀತವ್ವ."

ಅವ್ವ ತಲೆ ಎತ್ತಿ ಅಟ್ಟದ ಕಡೆ ನೋಡಿದಳು. ಅಲ್ಲಿ ಏಣಿಯೇ ಇರಲಿಲ್ಲ. ಆಮೇಲೆ ನನ್ನನ್ನು ನೋಡಿದಳು, ನನ್ನ ಹಿಂದೆ ನುಗ್ಗೆಮರದ ಪಕ್ಕ ಬಿಸಿಲಿನಲ್ಲಿದ್ದ ಏಣಿಯನ್ನೂ ನೋಡಿದಳು. ಪಕ್ಕದ ಮನೆಯವರನ್ನು ಕೂಗಿ ಕರೆದು, ಅಕ್ಕನನ್ನು ಚಾಪೆಗೆ ಹಾಕಿಸಿ, ಅಪ್ಪನನ್ನು ಕಚೇರಿಯಿಂದ ಕರೆತರಲು ಅವರನ್ನೇ ಕಳಿಸಿದಳು. ಅವರು ಬೀದಿ ತಿರುಗಿದ ಮೇಲೆ ಹಿತ್ತಲಿಗೆ ಬಂದು, ಕಟ್ಟಿಗೆ ಸೀಳುವ ಕತ್ತಿ ತೆಗೆದುಕೊಂಡು, ಏಣಿಯನ್ನು ನೆಲಕ್ಕೆ ಮಲಗಿಸಿ, ಮೇಲಿನಿಂದ ಎರಡನೆಯ ಮೆಟ್ಟಿಲಿಗೆ ಎರಡು ಏಟು ಹಾಕಿದಳು. ಮರ ಗಟ್ಟಿಯಿತ್ತು. ಕಾಲಿಟ್ಟು ಒದ್ದಳು, ಮುರಿಯಿತು. ಚೂರನ್ನು ಒಲೆಗೆ ಹಾಕಿದಳು. ಏಣಿಯನ್ನು ಒಳಗೆ ತಂದು, ಅಟ್ಟದಿಂದ ಜಾರಿದ ಹಾಗೆ ನಡುಮನೆಯಲ್ಲಿ ಅಡ್ಡಕ್ಕೆ ಬೀಳಿಸಿದಳು. ಆಮೇಲೆ ನನ್ನ ಎರಡೂ ಭುಜ ಹಿಡಿದಳು.

"ಮೆಟ್ಲು ಮುರೀತು. ನೀನು ಆಟಕ್ಕೆ ಹೋಗಿದ್ದೆ. ಯಾರು ಕೇಳಿದ್ರೂ ಇಷ್ಟೇ. ತಿಳೀತಾ?"

ಅಪ್ಪ ಬಂದ. ಏಣಿ ನೋಡಿ ಅದನ್ನು ಮಾಡಿದ ಬಡಗಿಯ ವಂಶಕ್ಕೆಲ್ಲ ಬೈದ. ಕುಬಟೂರಿನ ಕಡೆಯಿಂದ ಮೂಳೆ ಕಟ್ಟುವವರೊಬ್ಬರು ಬಂದು, ಬಿದಿರಿನ ದಬ್ಬೆ ಇಟ್ಟು ಸೊಂಟದಿಂದ ಮೊಣಕಾಲಿನವರೆಗೆ ಬಿಗಿದು ಕಟ್ಟಿ, ಅಲುಗಾಡಬಾರದು ಎಂದು ಹೇಳಿ ಹೋದರು. ಕಟ್ಟುವಾಗ ಅಕ್ಕ ಕೂಗಿದ ಕೂಗನ್ನು ನಾನು ಹಿತ್ತಲಲ್ಲಿ ಕಿವಿ ಮುಚ್ಚಿಕೊಂಡು ಕೇಳಿದೆ. ಇನ್ನು ಈ ಮನೆಯಲ್ಲಿ ಯಾರೂ ಅಟ್ಟ ಹತ್ತಕೂಡದು ಎಂದು ಅಪ್ಪ ಪಕ್ಕದವರ ಏಣಿ ತಂದು, ನಮ್ಮ ಏಣಿಯನ್ನು ಅಟ್ಟದ ಮೇಲಕ್ಕೇ ಎತ್ತಿ ಹಾಕಿಬಿಟ್ಟ. ಅದು ಅಲ್ಲೇ ಉಳಿಯಿತು.

ಆ ತಿಂಗಳುಗಳನ್ನು ನೆನೆದರೆ ನನಗೆ ಈಗಲೂ ಮನಸ್ಸು ಅಲ್ಲಿಗೇ ಹೋಗಿ ಕೂರುತ್ತದೆ. ತಪ್ಪು ನನ್ನದೆಂದು ಗೊತ್ತಿದ್ದೂ, ನನ್ನ ಬದುಕಿನಲ್ಲಿ ಅಷ್ಟು ಸುಖದ ದಿನಗಳು ಬೇರೆ ಇರಲಿಲ್ಲ ಎಂದರೆ ನಾಚಿಕೆಯಾಗುತ್ತದೆ. ಬೆಳಕಿಂಡಿಯಿಂದ ಬಿದ್ದ ಚೌಕ ಬಿಸಿಲು ಬೆಳಿಗ್ಗೆ ಗೋಡೆಯಲ್ಲಿ, ಊಟದ ಹೊತ್ತಿಗೆ ಅಕ್ಕನ ಹೊಟ್ಟೆಯ ಮೇಲೆ, ನಾನು ಶಾಲೆಯಿಂದ ಬರುವಾಗ ಅಡುಗೆಮನೆಯ ಹೊಸ್ತಿಲಲ್ಲಿ. ಅಕ್ಕನಿಗೆ ಹಾಳೆ ಎತ್ತಿ ಹಿಡಿದರೆ ಕೈ ಸೋಲುತ್ತಿತ್ತು. ಹಾಗಾಗಿ ಈಗ ಓದುವವನು ನಾನು. ಚಾಪೆಯ ಪಕ್ಕ ಕೂತು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಅಪ್ಪನ ಅರ್ಜಿಗಳನ್ನು ಓದುತ್ತಿದ್ದೆ. ತಪ್ಪಿದರೆ ಅವಳು ಕಣ್ಣು ಮುಚ್ಚಿಕೊಂಡೇ ತಿದ್ದುತ್ತಿದ್ದಳು. ಓದಿ ಮುಗಿಸಿದ ಮೇಲೆ, ಮುಂದೇನಾಯಿತು ಎಂದು ನಾನು ಕೇಳುತ್ತಿದ್ದೆ. ಅರ್ಜಿ ಅಲ್ಲಿಗೆ ಮುಗಿದಿರುತ್ತಿತ್ತು. ಅವಳು ಮುಂದಿನದನ್ನು ಕಟ್ಟಿ ಹೇಳುತ್ತಿದ್ದಳು, ದಿನವೂ, ನಾನು ಸಾಕು ಎನ್ನುವವರೆಗೆ. ನಾನು ಸಾಕು ಎನ್ನುತ್ತಲೇ ಇರಲಿಲ್ಲ. ಗಂಡ ಬಿಟ್ಟುಹೋದ ಆ ಹೆಂಗಸಿನ ಅರ್ಜಿಯನ್ನೂ ಒಂದು ದಿನ ಅವಳೇ ಕೇಳಿ ಓದಿಸಿದಳು. ಆ ಮಗು ಸತ್ತಿತ್ತು. ನಾನು ಅತ್ತೆ. ಅವಳು ನನ್ನ ತಲೆಯ ಮೇಲೆ ಕೈಯಿಟ್ಟು, "ಅದಕ್ಕೇ ನಿಂಗಲ್ಲ ಅಂದಿದ್ದು" ಎಂದಳು. ಏಣಿಯ ಬಗ್ಗೆ ಅವಳು ಆಗ ಆಡಿದ್ದು ಅಷ್ಟೇ, ಅದೂ ಏಣಿಯ ಹೆಸರೆತ್ತದೆ.

ಕಟ್ಟು ಬಿಚ್ಚಿದಾಗ ಎಡಗಾಲು ಗಿಡ್ಡಾಗಿತ್ತು. ಅವ್ವ ಸಾಯುವವರೆಗೆ ನನ್ನೊಡನೆ ಆ ಮಾತು ಎತ್ತಲಿಲ್ಲ. ಅಪ್ಪನಿಗೆ ತಿಳಿಯಲೇ ಇಲ್ಲ. ಅಕ್ಕ ದೊಡ್ಡವಳಾದಳು, ಮದುವೆಯಾದಳು, ಹೆಸರು ಮಾಡಿದಳು, ಬಾಲ್ಯದ ಪುಸ್ತಕ ಬರೆದಳು. ಅದು ಅಚ್ಚಾಗಿ ಬಂದಾಗ ನಾನು ಆ ಪುಟವನ್ನೇ ಮೊದಲು ಹುಡುಕಿದೆ. ಮೆಟ್ಟಿಲು ಮುರಿದಿತ್ತು. ತಮ್ಮ ಆಟಕ್ಕೆ ಹೋಗಿದ್ದ. ಪುಸ್ತಕ ಮುಚ್ಚಿ ಹಿತ್ತಲಿಗೆ ಹೋಗಿ ಸುಮ್ಮನೆ ನಿಂತುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕೊನೆಯ ಸಲ ಅವಳು ಸೊರಬಕ್ಕೆ ಬಂದಾಗ, ಜಗುಲಿಯ ಮೆಟ್ಟಿಲು ಹತ್ತಲು ನನ್ನ ತೋಳು ಹಿಡಿದಿದ್ದಳು, ಆಗ ಧೈರ್ಯ ಮಾಡಿದೆ.

"ಅಕ್ಕ, ಆ ಏಣಿ..."

"ಹಳೇದಾಗಿತ್ತು ಬಿಡೋ ಅದು," ಎಂದಳು. "ಎಲ್ಲಿ, ನಿನ್ನ ಹೆಂಡತಿ ಕಾವಲಿ ಇಟ್ಟಳೇನು? ಹಸಿವು."

ಅದಾಗಿ ನಾಲ್ಕು ತಿಂಗಳಿಗೆ ಹೋಗಿಬಿಟ್ಟಳು. ಈಗ ಇದನ್ನು ಹೇಳಿ ನಾನು ಯಾರಲ್ಲಿ ಕ್ಷಮೆ ಕೇಳಲಿ? ಮೂರು ಜನ ಬಚ್ಚಿಟ್ಟುಕೊಂಡು ಬಂದದ್ದನ್ನು, ಇಬ್ಬರು ಹೋದ ಮೇಲೆ ಮೂರನೆಯವನು ಬಿಚ್ಚಬಹುದೇ? ಬಸ್ಸಿನಲ್ಲಿ ಇದನ್ನೇ ಯೋಚಿಸಿದೆ. ಅಕ್ಕ ನಿಜ ಮುಚ್ಚಿಡಲೆಂದೇ ಬರೆದದ್ದನ್ನು ನಾನು ಕೆಡಿಸಬಾರದು ಎಂದು ಸೊರಬ ಮುಟ್ಟುವಷ್ಟರಲ್ಲಿ ತೀರ್ಮಾನಿಸಿದ್ದೆ. ಬೆಳಗಾಗುವಷ್ಟರಲ್ಲಿ ಆ ತೀರ್ಮಾನ ನಿಲ್ಲಲಿಲ್ಲ. ಆ ಮನೆಯಲ್ಲಿ ಅವ್ವನದು ಅಂತ ಏನಿತ್ತು? ಕಾವಲಿ ಬೇರೆಯವರದ್ದು, ಒಲೆ ಹೊಸದು, ಫೋಟೋ ಕೂಡ ಇಲ್ಲ. ಅವಳ ಕೈ ಬಿದ್ದ ಗುರುತು ಎಂದು ಉಳಿದಿದ್ದು ಆ ಎರಡು ಕತ್ತಿಯ ಏಟು ಮಾತ್ರ. ಅದನ್ನೇ ಸುಳ್ಳೆಂದು ಗಾಡಿಗೆ ಹಾಕಿ ಕಳಿಸುತ್ತಾರೆ. ಮೊದಲ ಬಸ್ಸಿಗೆ ಹೊರಟೆ.

ಏಣಿ ಹಿತ್ತಲಲ್ಲಿ ಒಡೆದ ಹೆಂಚಿನ ರಾಶಿಯ ಮೇಲಿತ್ತು. ಕಾಲೇಜಿಗೆ ಹೊರಟಿದ್ದ ಶೈಲಜಾ ಮೇಡಂ ಅವರನ್ನು ನಿಲ್ಲಿಸಿ, ಮೌನೇಶಾಚಾರ್ರನ್ನೂ ಕರೆದು, ಜಗುಲಿಯಲ್ಲಿ ಕೂರಿಸಿ ಎಲ್ಲ ಹೇಳಿದೆ. ಎಲ್ಲಿ ಕೂತಿದ್ದೆ, ಎಷ್ಟು ಸಲ ಕರೆದಳು, ಅವ್ವ ಏಣಿಯನ್ನು ಯಾವ ಕಡೆ ತಲೆಮಾಡಿ ಮಲಗಿಸಿದಳು, ಎಲ್ಲ. ಮೌನೇಶಾಚಾರ್ರು ಎದ್ದು ಹೋಗಿ ಏಣಿಯನ್ನು ಹೆಗಲ ಮೇಲೆ ಹೊತ್ತು ತಂದು, ತಮ್ಮ ಟವೆಲ್ಲಿನಿಂದ ಒರೆಸಿ ನಡುಮನೆಯಲ್ಲಿ ಇಟ್ಟರು. ಶೈಲಜಾ ಮೇಡಂ ಚೀಲದಿಂದ ಅಕ್ಕನ ಪುಸ್ತಕ ತೆಗೆದು ಆ ಪುಟ ಬಿಡಿಸಿದರು.

"ಇದು ಬರೆದಿಡಬೇಕಾದ್ದು ಸರ್. ಆದರೆ ಬರೆಯೋಕೆ ಮೊದಲು ಅವರ ಮಗಳಿಗೆ ಹೇಳಬೇಕು. ನಾನು ಹೇಳೋದಲ್ಲ. ನೀವೇ."

ಅಕ್ಕನ ಮಗಳು ನಂದಿನಿ ದಾವಣಗೆರೆಯಲ್ಲಿ ಬ್ಯಾಂಕಿನಲ್ಲಿದ್ದಾಳೆ. ಫೋನಿನಲ್ಲಿ ಹೇಳಲು ಶುರುಮಾಡಿದೆ. ಅರ್ಧ ಕೇಳಿ, ಬರುತ್ತೇನೆ ಎಂದು ಇಟ್ಟುಬಿಟ್ಟಳು. ಭಾನುವಾರ ಬಂದಳು. ನಡೆಯುವುದು ನೆಟ್ಟಗೆ, ಆದರೆ ಮಾತಾಡುವಾಗ ತಲೆ ಓರೆ ಮಾಡುವುದು ಥೇಟ್ ಅಕ್ಕನೇ. ಕೂರು ಎಂದೆ, ಕೂರಲಿಲ್ಲ, ಉಳಿದರ್ಧವನ್ನು ನಿಂತೇ ಕೇಳಿದಳು.

"ಅಮ್ಮ ಬರೆದದ್ದು ಸುಳ್ಳು ಅಂತ ಗೋಡೆ ಮೇಲೆ ಬರೆಸ್ತೀರಾ ಮಾವ?"

"ಸುಳ್ಳು ಅಂತಲ್ಲ. ಏಣಿ ನಿಜ ಅಂತ."

"ಎರಡೂ ಒಂದೇ." ಅವಳ ದನಿ ಏರಿತು. "ಆ ಕಾಲು ಹಿಡಕೊಂಡು ಅಮ್ಮ ಎಷ್ಟು ಒದ್ದಾಡಿದಳು ಗೊತ್ತಾ ನಿಮಗೆ? ಮಳೆಗಾಲದಲ್ಲಿ ನಾನು ಎಣ್ಣೆ ಹಚ್ಚಿ ತಿಕ್ಕಬೇಕಿತ್ತು. ನೀವು ಹಬ್ಬಕ್ಕೆ ಬರೋರು, ಅವಳು ಕುಂಟಿಕೊಂಡು ಬಂದು ನಿಮಗೆ ಬಡಿಸೋಳು. ಒಂದು ದಿನ, ಒಂದೇ ಒಂದು ದಿನ ಬಾಯಿ ಬಿಡೋಕೆ ಆಗಲಿಲ್ವಾ?"

ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆಗಲಿಲ್ಲ ಎಂದೆ. ಅವಳು ಒಬ್ಬಳೇ ನಡುಮನೆಗೆ ಹೋದಳು. ನಾವು ಜಗುಲಿಯಲ್ಲೇ ಉಳಿದೆವು. ಬಹಳ ಹೊತ್ತಿನ ಮೇಲೆ ನನ್ನನ್ನು ಕರೆದಳು. ಏಣಿಯ ಪಕ್ಕ ನೆಲದ ಮೇಲೆ ಕೂತಿದ್ದಳು, ಕಣ್ಣು ಕೆಂಪಾಗಿತ್ತು.

"ಅಜ್ಜಿ ಕಡಿದದ್ದು ಇದೇನಾ?"

"ಅದೇ. ಅವ್ವ ಕಡಿದದ್ದು."

"ಎರಡೇ ಏಟು." ಬೆರಳಿನಿಂದ ಮುಟ್ಟಿ ನೋಡಿದಳು. "ಮಗಳು ಅಲ್ಲಿ ಹಾಗೆ ಬಿದ್ದಿರೋವಾಗ..." ಶೈಲಜಾ ಮೇಡಂ ಬರೆದಿದ್ದ ಚೀಟಿಯ ಕರಡನ್ನು ಕೇಳಿ ಇಸಿದುಕೊಂಡು ಓದಿದಳು. ಅದರಲ್ಲಿ ಹೀಗಿತ್ತು: ಪುಸ್ತಕದಲ್ಲಿ ಬರುವ ಏಣಿ ಇದು. ಮೆಟ್ಟಿಲು ಮುರಿದದ್ದಲ್ಲ. ಏಣಿಯನ್ನು ತಮ್ಮ ತೆಗೆದಿಟ್ಟಿದ್ದರಿಂದ ಲೇಖಕಿ ಅಟ್ಟದಿಂದ ಬಿದ್ದರು. ತಂದೆಗೆ ತಿಳಿಯದಿರಲೆಂದು ತಾಯಿ ಈ ಮೆಟ್ಟಿಲನ್ನು ಕಡಿದರು. ಮೆಟ್ಟಿಲು ಮುರಿಯಿತು ಎಂಬ ಮಾತನ್ನು ಲೇಖಕಿ ಕೊನೆಯವರೆಗೆ ಉಳಿಸಿಕೊಂಡರು.

ನಂದಿನಿ ಅದನ್ನು ಎರಡು ಸಲ ಓದಿದಳು.

"ಆಗ ನಿಮಗೆಷ್ಟು ವಯಸ್ಸು ಮಾವ?"

"ಏಳು."

"ಅದನ್ನ ಯಾಕೆ ಬರೆಸಲಿಲ್ಲ?"

ಬರೆಸಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಹಿತ್ತಲಲ್ಲಿ ಕೂತು ಅಕ್ಕ ಕರೆದದ್ದನ್ನು ಕೇಳಿಸಿಕೊಂಡೂ ಏಳದೆ ಇದ್ದವನು ನನ್ನ ಕಣ್ಣಿಗೆ ಈಗಿನ ನಾನೇ ಆಗಿದ್ದ, ಈ ಬಿಳಿ ತಲೆ, ಈ ಕನ್ನಡಕ, ಎಲ್ಲ ತಿಳಿದ ಈ ಮನುಷ್ಯ. ನಂದಿನಿ ಶೈಲಜಾ ಮೇಡಂ ಕೈಯಿಂದ ಪೆನ್ನು ತೆಗೆದುಕೊಂಡು, ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ತಮ್ಮ ಎಂಬ ಮಾತಿಗೆ ಮೊದಲು ಸಣ್ಣ ಗುರುತು ಹಾಕಿ, ಮೇಲೆ ಬರೆದಳು: ಏಳು ವರ್ಷದ.

"ಸರಿಯಾಗಿರಬೇಕು ಅಂದ್ರೆ ಪೂರ್ತಿ ಸರಿಯಾಗಿರಲಿ," ಎಂದು ಹಾಳೆಯನ್ನು ನನ್ನ ಕೈಗೆ ಕೊಟ್ಟಳು.